ಅಂಜಮ್ಮ ಕಲಿಸಿದ ಅಂಚು

ಅಂಬುಜಮ್ಮ ಗಡಿಯೂರು ಹೊಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದರು. ೧೯೭೯ರ ಬೇಸಿಗೆ ರಜೆಯಲ್ಲಿ ಮಗಳು ಬಾಣಂತನಕ್ಕೆ ಬಂದಳು. ಹುಟ್ಟುವ ಕೂಸಿಗೆ ಒಂದು ಕ್ರೋಶಾ ಹೊದಿಕೆ ಹೆಣೆಯಬೇಕೆಂದು ಅಂಬುಜಮ್ಮ ಪುಸ್ತಕ ನೋಡಿಕೊಂಡು ಶುರುಮಾಡಿದರು. ದಿನಕ್ಕೊಂದು ಸಾಲು, ಸಾಲಿನ ತುಂಬ ಕಂಬದಂತೆ ನಿಂತ ಹೆಣಿಗೆಗಳು. ಇಪ್ಪತ್ತು ದಿನವಾದ ಮೇಲೆ ಜಗಲಿಯಲ್ಲಿ ಹಾಸಿ ನೋಡಿದರೆ ಕೆಳಗೆ ಅಗಲ, ಮೇಲೆ ಹೋದಂತೆ ಕಿರಿದು, ಗೋಪುರದ ಹಾಗೆ.

ಅದೇ ಹೊತ್ತಿಗೆ ಪಕ್ಕದ ಜೂಜುವಾಡಿಯಿಂದ ಸೊಪ್ಪು ತರುವ ಅಂಜಮ್ಮ ಬಂದಳು. ಬುಟ್ಟಿ ಇಳಿಸಿ, ಕೈ ಒರೆಸಿಕೊಂಡು, ಹೊದಿಕೆಯ ಅಂಚಿನ ಮೇಲೆ ಬೆರಳಾಡಿಸಿದಳು.

"ಅಮ್ಮಾ, ಸಾಲಿಗೊಂದು ಕಂಬ ಬುಟ್ಟೋಗೈತೆ."

"ನಿಂಗೆ ಇದೆಲ್ಲ ಗೊತ್ತೇನೆ?"

"ಕಾಲು ಮುರ್ಕೊಂಡು ಆರು ತಿಂಗ್ಳು ಆಸ್ಪತ್ರೇಲಿದ್ನಲ್ಲಮ್ಮಾ, ನರ್ಸಮ್ಮ ಒಬ್ರು ಕಲಿಸಿದ್ರು. ಮಲಗಿದ್ ಕಡೆ ಇನ್ನೇನ್ ಮಾಡ್ಲಿ?"

ಅಂಬುಜಮ್ಮನಿಗೆ ಚುರುಕ್ಕೆಂದಿತು. ಮೊದಲ ಸಾಲಿಗೆ ಅರವತ್ತು ಕಂಬ ಎಣಿಸಿಯೇ ಹಾಕಿದ್ದರು. ಈಗ ಕೊನೆಯ ಸಾಲು ಎಣಿಸಿದರೆ ನಲವತ್ತೊಂದು. ಲೆಕ್ಕದ ಮೇಡಂ ಇನ್ನೊಮ್ಮೆ ಎಣಿಸಿದರು; ಅಷ್ಟೇ.

ಅಂಜಮ್ಮ ಉಳಿದ ದಾರದಲ್ಲಿ ಹತ್ತು ಕಂಬದ ಒಂದು ತುಂಡು ಹೆಣೆದು ತಿರುಗಿಸಿದಳು. "ತಿರುಗ್ಸುವಾಗ ಮೂರು ಚೈನು ಕುಣಿಕೆ ಹಾಕ್ತೀರಲ್ಲ, ಅದೂ ಒಂದು ಕಂಬಾನೇ ಕಣಮ್ಮಾ. ವಾಪಸ್ ಬಂದಾಗ ಅದ್ರ ತಲೆ ಮ್ಯಾಲೂ ಒಂದು ಹಾಕ್ಬೇಕು. ನೀವು ಅದನ್ನ ಹಂಗೇ ಬುಟ್ಬುಟ್ಟು ತಿರುಗ್ತಿದ್ದೀರಿ." ಸೆರಗಿನ ತುದಿಯಿಂದ ಎರಡು ಕೆಂಪು ಎಳೆ ಕಿತ್ತು ಸಾಲಿನ ಮೊದಲ ಕಂಬಕ್ಕೊಂದು, ಕೊನೆಯ ಕಂಬಕ್ಕೊಂದು ಕಟ್ಟಿದಳು. "ಇವೆರಡು ಕಾಣ್ತಿದ್ರೆ ತಪ್ಪಾಕಿಲ್ಲ."

"ಈಗ ಇದನ್ನೇನು ಮಾಡೋದೇ?"

"ಬಿಚ್ಬೇಕಮ್ಮಾ. ನಾನ್ ಎಳೀತೀನಿ, ನೀವು ಉಂಡೆ ಸುತ್ಕಳಿ."

ಇಪ್ಪತ್ತು ದಿನದ ಕೆಲಸ ಸರಸರನೆ ಬಿಚ್ಚಿಕೊಂಡು ಹೋಯಿತು. ಅಷ್ಟರಲ್ಲಿ ಬುಟ್ಟಿಯ ಸೊಪ್ಪು ಬಾಡಿತ್ತು. ಅಂಬುಜಮ್ಮ ಪೇಚಾಡಿದರೆ, "ನೀರು ಚಿಮುಕಿಸಿದ್ರೆ ಏಳ್ತದೆ ಬುಡಿ" ಎಂದು ಅಂಜಮ್ಮ ಎದ್ದು ಹೊರಟಳು.

ಅಂದಿನಿಂದ ದಿನಾ ಬೆಳಗ್ಗೆ ಅಂಜಮ್ಮ ಹತ್ತು ನಿಮಿಷ ಜಗಲಿಯಲ್ಲಿ ಕೂರುತ್ತಿದ್ದಳು. ಇನ್ನೂ ಮೂರು ಸಲ ಬಿಚ್ಚಬೇಕಾಯಿತು. ಒಂದು ಸಲವೂ ಅವಳು 'ತಪ್ಪು' ಎನ್ನಲಿಲ್ಲ. ಎಡವಿದ ಜಾಗದಲ್ಲಿ ಬೆರಳಿಟ್ಟು, ಅಂಬುಜಮ್ಮನೇ ಕಂಡುಹಿಡಿಯುವವರೆಗೆ ಸುಮ್ಮನೆ ಕಾಯುತ್ತಿದ್ದಳು. ಗುಣಾಕಾರ ತಪ್ಪಿದ ಹುಡುಗಿಯರ ಗೆಣ್ಣಿಗೆ ತಾವು ಹೊಡೆದದ್ದು ಅಂಬುಜಮ್ಮನಿಗೆ ನೆನಪಾಗುತ್ತಿತ್ತು. ಇಷ್ಟು ವರ್ಷದಲ್ಲಿ ಒಬ್ಬಳಿಗಾದರೂ ತಾನು ಹೀಗೆ ಕಾದೆನೇ ಎಂದು ಕೇಳಿಕೊಂಡರು. ಹಾಗೆ ಕಾದದ್ದು ಅವರಿಗೆ ನೆನಪಿಗೆ ಬರಲಿಲ್ಲ.

ಮೊಮ್ಮಗಳ ನಾಮಕರಣಕ್ಕೆ ಎರಡು ದಿನ ಮೊದಲು ಹೊದಿಕೆ ಮುಗಿಯಿತು. ನಾಲ್ಕೂ ಅಂಚು ನೆಟ್ಟಗಿದ್ದವು.

ಜೂನ್‌ನಲ್ಲಿ ಶಾಲೆ ತೆರೆದಾಗ ಹೊಲಿಗೆ ಟೀಚರಿಗೆ ವರ್ಗವಾಗಿತ್ತು. ಆ ಕ್ಲಾಸಿಗೆ ಅಂಬುಜಮ್ಮ ಅಂಜಮ್ಮನ ಹೆಸರು ಹೇಳಿದರು. ಹೆಡ್‌ಮಿಸ್ಟ್ರೆಸ್ ಕಾಮಾಕ್ಷಮ್ಮ ಹಿಂಜರಿದರು. "ಓದು ಬರದವರನ್ನ ಕ್ಲಾಸಿಗೆ ಹೇಗ್ರೀ ಬಿಡೋದು?"

ಅಂಬುಜಮ್ಮ ಹೊದಿಕೆಯನ್ನು ಮೇಜಿನ ಮೇಲೆ ಹರಡಿದರು. "ನಾನು ನಾಲ್ಕು ಸಲ ಫೇಲಾಗಿ ಪಾಸಾದೆ. ಪಾಸು ಮಾಡಿಸಿದ್ದು ಅವಳು."

ಹೊಲಿಗೆ ಕ್ಲಾಸು ಶುಕ್ರವಾರ ಮಧ್ಯಾಹ್ನ. ಅಂಜಮ್ಮ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತಳು. ಆಮೇಲೆ ಒಬ್ಬಳಿಗೆ ತೆಲುಗಿನಲ್ಲಿ, ಇನ್ನೊಬ್ಬಳಿಗೆ ತಮಿಳಿನಲ್ಲಿ, ಮತ್ತೊಬ್ಬಳಿಗೆ ಕನ್ನಡದಲ್ಲಿ ಕ್ರೋಶಾ ಕಡ್ಡಿ ಹಿಡಿಯುವುದನ್ನು ತೋರಿಸುತ್ತಾ ಬೆಂಚಿನಿಂದ ಬೆಂಚಿಗೆ ಹೋದಳು.

"ಏ ಅಂಜಮ್ಮಾ, ಇಲ್ಲಿ ಬಾ" ಎಂದು ಒಬ್ಬ ಹುಡುಗಿ ಕೂಗಿದಳು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಂಬುಜಮ್ಮ ಎದ್ದು ನಿಂತರು. "ಟೀಚರ್ ಅನ್ನು."

"ಅಯ್ಯೋ, ಬುಡೀಮ್ಮಾ..."

"ನೀವು ಪಾಠ ಮಾಡಿ" ಎಂದು ಅಂಬುಜಮ್ಮ ಕೂತರು.

ಅವರ ಬಾಯಲ್ಲಿ 'ನೀವು' ಕೇಳಿ ಅಂಜಮ್ಮ ತಿರುಗಿ ಅವರನ್ನೇ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಹುಡುಗಿಯ ಹತ್ತಿರ ಹೋದಳು.

ದಸರಾ ಹೊತ್ತಿಗೆ ಹದಿನೇಳು ಹುಡುಗಿಯರು ಹದಿನೇಳು ಚೌಕ ಹೆಣೆದು ಮುಗಿಸಿದರು. ಒಂದರ ಮೇಲೊಂದು ಪೇರಿಸಿಟ್ಟರೆ ಯಾವುದೂ ಹೊರಗೆ ಚಾಚಿರಲಿಲ್ಲ. ಕಾಮಾಕ್ಷಮ್ಮ ಎರಡು ಸಲ ನೋಡಿ, "ಮುಂದಿನ ವರ್ಷವೂ ಬರ್ತೀರಾ, ಟೀಚರ್?" ಎಂದು ಕೇಳಿದರು.

"ಬತ್ತೀನಮ್ಮಾ," ಎಂದಳು ಅಂಜಮ್ಮ. "ಶುಕ್ರವಾರ ಸೊಪ್ಪು ಬಿರ್‍ನೆ ಮಾರ್ಬುಡ್ತೀನಿ."