ಅತ್ತೆಯ ಎದುರು ನಿಲ್ಲಬೇಕಾದ ಸೈಕಲ್ಲು

ನಮ್ಮತ್ತೆಯ ರೇಸ್ ಸೈಕಲ್ಲಿನ ಮೇಲೆ ಮದುವೆಯಾದ ದಿನದಿಂದ ನನಗೆ ಕಣ್ಣು. ಅವರ ಮಗನ ಮೇಲೂ ಅಷ್ಟೇ ಇತ್ತೇ ಎಂದರೆ ಆಣೆ ಮಾಡಿ ಹೇಳಲಾರೆ. ಅತ್ತೆ ಹರೆಯದಲ್ಲಿ ಅದರ ಮೇಲೆ ಕೂತು ಊರೂರಲ್ಲಿ ರೇಸು ಗೆದ್ದವರು. ಈಗ ಅದು ಹಜಾರದ ಗೋಡೆಯಲ್ಲಿ ನೇತಾಡುತ್ತಿತ್ತು. ಒರೆಸುವವರೂ ಅವರೇ, ಬೇರೆಯವರು ಮುಟ್ಟಿದರೆ ಬೈಯುವವರೂ ಅವರೇ.

ನನಗೆ ಭಾನುವಾರದ ಟ್ರ್ಯಾಕ್ ರೇಸಿನಲ್ಲಿ ಓಡಿಸಬೇಕಿತ್ತು. ಟ್ರ್ಯಾಕ್ ಸೈಕಲ್ಲಿಗೆ ಗೇರು ಬದಲಿಸುವ ಗೊಡವೆಯಿಲ್ಲ, ಬ್ರೇಕೂ ಇಲ್ಲ. ಚಕ್ರ ತಿರುಗುವವರೆಗೂ ಪೆಡಲು ತಿರುಗುತ್ತಲೇ ಇರುತ್ತದೆ. ನಿಲ್ಲಬೇಕೆಂದರೆ ಪೆಡಲನ್ನು ಹಿಂದಕ್ಕೆ ಒತ್ತಬೇಕು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ನಾನು ಹೊಸದನ್ನು ಎಲ್ಲಿಂದ ತರಲಿ? ಅತ್ತೆಯ ಸೈಕಲ್ಲನ್ನೇ ಹಾಗೆ ಬದಲಾಯಿಸಿಕೊಳ್ಳುತ್ತೇನೆಂದು ಗೋಗರೆದೆ, ಮುನಿಸಿಕೊಂಡೆ, ಕಾಲೊತ್ತಿದೆ. ಕೊನೆಗೂ ಅತ್ತೆ ಮೆತ್ತಗಾದರು.

“ಬದಲಾಯಿಸ್ಕೊ. ಆದ್ರೆ ಬೀದಿ ಒಂದು ಸುತ್ತು ಹೊಡೆದು ಬಂದು ನನ್ನ ಕಾಲ ಹತ್ರ ನಿಲ್ಲಿಸ್ಬೇಕು. ನಿಲ್ಲಿಸಿದ್ರೆ ಸೈಕಲ್ಲು ನಿಂದು. ಇಲ್ಲಾಂದ್ರೆ ಗೇರು ಗೀರು ಎಲ್ಲ ಮೊದಲಿನ ಹಾಗೇ ಹಾಕಿ ಗೋಡೆಗೆ ನೇತುಹಾಕ್ತೀಯ. ಮುಂದಿನ ಬ್ರೇಕು ಮಾತ್ರ ಬಿಚ್ಚಬೇಡ.”

“ಆಯ್ತತ್ತೆ,” ಎಂದೆ. ಬಿಚ್ಚಿದೆ.

ಅದು ಕೊನೆಗೆ. ಮೊದಲು ಅಡುಗೆಮನೆಯಲ್ಲಿ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಕೊಂಡು ಗೇರಿನ ಹಿಡಿ, ತಂತಿ, ಹಿಂದಿನ ಬ್ರೇಕು, ಹಿಂದಿನ ಹಲ್ಲುಬಿಲ್ಲೆಗಳ ಗೊಂಚಲು ಎಲ್ಲ ತೆಗೆದೆ. ಅತ್ತೆ ತಮ್ಮ ಹಲ್ಲೇ ಕೀಳಿಸಿಕೊಂಡವರಂತೆ ಮುಖ ಕಿವುಚುತ್ತಿದ್ದರು. ಗೊಂಚಲಿದ್ದ ಜಾಗಕ್ಕೆ ಒಂದೇ ಬಿಲ್ಲೆ ತಿರುಗಿಸಿ ಕೂರಿಸಿದೆ, ಚೈನು ಗಿಡ್ಡ ಮಾಡಿದೆ. ಹಿಂದಕ್ಕೆ ಒತ್ತಿದಾಗ ಬಿಲ್ಲೆ ಬಿಚ್ಚಿಕೊಳ್ಳದಿರಲಿ ಎಂದು ಟ್ರ್ಯಾಕ್ ಚಕ್ರದಲ್ಲಿ ಎದುರು ದಿಕ್ಕಿಗೆ ತಿರುಗಿಸಿ ಬಿಗಿಯುವ ಬಳೆಯೊಂದು ಇರುತ್ತದೆ. ಈ ಹಳೇ ಚಕ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಬಿಲ್ಲೆಯನ್ನು ಕೈ ಸೋಲುವಷ್ಟು ಬಿಗಿ ಮಾಡಿ, ಸಾಕು ಬಿಡು ಎಂದುಕೊಂಡೆ. ಅತ್ತೆ ಚಪ್ಪಲಿ ಮೆಟ್ಟಲು ಹೋದದ್ದೇ ತಡ, ಮುಂದಿನ ಬ್ರೇಕನ್ನೂ ತಂತಿ ಸಮೇತ ಕಿತ್ತು ಕಸದ ಬುಟ್ಟಿಗೆ ಹಾಕಿ ಬೀದಿಗೆ ಹಾರಿದೆ.

ಅಯ್ಯೋ, ಅದನ್ನು ಹೇಗೆ ಹೇಳಲಿ! ಪೆಡಲೇ ನನ್ನ ಕಾಲನ್ನು ಎತ್ತಿ ಎತ್ತಿ ಇಳಿಸುತ್ತಿತ್ತು. ಬೇಕರಿ, ಕ್ಷೌರದಂಗಡಿ, ಅಂಚೆ ಡಬ್ಬಿ ಎಲ್ಲ ಸರ್ರನೆ ಹಿಂದೆ ಬಿದ್ದವು. ಸುಮ್ಮಸುಮ್ಮನೆ ನಗು ಬಂತು, ತಡೆಯಲೇ ಆಗಲಿಲ್ಲ. ಕೊನೆಯ ತಿರುವಿನಿಂದ ನಮ್ಮ ಮನೆಯವರೆಗೆ ಇಳಿಜಾರು. ಗೇಟಿನೆದುರು ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಠೀವಿಯಿಂದ ಪೆಡಲನ್ನು ಹಿಂದಕ್ಕೆ ಒತ್ತಿದೆ.

ಕಟಕ್! ಬಿಲ್ಲೆ ಬಿಚ್ಚಿಕೊಂಡಿತು. ಪೆಡಲು ಹಿಂದಕ್ಕೆ, ಸೈಕಲ್ಲು ಮುಂದಕ್ಕೆ.

“ಅತ್ತೇ, ಸರೀರೀ!”

“ನಿಲ್ಲಿಸೇ!”

“ಇದು ನನ್ನ ಮಾತು ಕೇಳ್ತಿಲ್ಲ!”

“ನೀನು ನನ್ನ ಮಾತು ಕೇಳಿದ್ಯಾ?”

ಅಷ್ಟು ಹೇಳಿಯೇ ಅವರು ಪಕ್ಕಕ್ಕೆ ಹಾರಿದ್ದು. ನಾನು ಪಕ್ಕದ ಮನೆಯ ಬೇಲಿಗಿಡದೊಳಗೆ ಸೊಂಟದವರೆಗೂ ನುಗ್ಗಿದೆ. ಎಲೆ ಉಗುಳುತ್ತ ಹೊರಬಂದಾಗ ಅಳು ಬಂತು. ತರಚಿದ್ದಕ್ಕಲ್ಲ, ಸೈಕಲ್ಲು ಗೋಡೆಗೆ ವಾಪಸು ಹೋಗುತ್ತದಲ್ಲ ಎಂದು. ಅತ್ತೆ ಮೊದಲು ಸೈಕಲ್ಲನ್ನು ನೋಡಿದರು, ಆಮೇಲೆ ನನ್ನನ್ನು. ನೋಡಿ, ಬೇಲಿ ಹಿಡಿದುಕೊಂಡು ನಕ್ಕರು, ನಕ್ಕರು, ನನಗೂ ನಗು ಹತ್ತಿತು.

ಕೊನೆಗೆ ಕಣ್ಣೊರೆಸಿಕೊಂಡು ಸ್ವೆಟರಿನ ಜೇಬಿನಿಂದ ಬ್ರೇಕನ್ನು ತೆಗೆದರು. ಅದಕ್ಕೆ ಈರುಳ್ಳಿ ಸಿಪ್ಪೆ ಅಂಟಿತ್ತು. “ನೀನು ಆ ಕಡೆ ಹೋದೆ, ನಾನು ಬುಟ್ಟಿಗೆ ಕೈ ಹಾಕಿದೆ. ನಿನ್ನ ಬುದ್ಧಿ ನಂಗೊತ್ತಿಲ್ವಾ?”

ಬೈಯುತ್ತಲೇ ಬ್ರೇಕು ಹಾಕಿದರು. ನನ್ನ ಕೈಯಲ್ಲಿ ಬಿಲ್ಲೆ ಬಿಗಿ ಮಾಡಿಸಿದರು.

“ಈಗ ನೀನು ನಿಂತ್ಕೊ. ನಿನ್ನ ಕಾಲ ಹತ್ರ ನಿಲ್ಲಿಸಿದ್ರೆ ಸೈಕಲ್ಲು ನಂದೇ.”

“ನಿಲ್ಲಿಸದಿದ್ರೆ?”

“ನಾನಾ? ನಿಲ್ಲಿಸದೇ ಇರ್ತೀನಾ?”

ಹತ್ತಿದರು. ಒಂದು ಸಲ ಓಲಾಡಿದರು. ಮರುಕ್ಷಣ ತಲೆ ತಗ್ಗಿಸಿ, ಮೊಣಕೈ ಮಡಚಿ ಮಾಯ. ನಾನು ಉಗುರು ಕಚ್ಚುತ್ತ ನಿಂತೆ. ತಿರುವಿನಲ್ಲಿ ಕಂಡರು: ತುರುಬು ಬಿಚ್ಚಿಹೋಗಿತ್ತು, ಮುಖವೆಲ್ಲ ನಗು. ಎರಡು ಬೆರಳು ಬ್ರೇಕಿನ ಮೇಲೆ ಸಿದ್ಧವಾಗಿದ್ದವು. ನನ್ನ ಹತ್ತಿರ ಬರುತ್ತಲೇ ಆ ಬೆರಳುಗಳು ಎದ್ದು ನನಗೆ ಟಾಟಾ ಮಾಡಿದವು.

“ಇನ್ನೊಂದೇ ಸುತ್ತು ಕಣೇ!”

ಸೈಕಲ್ಲು ನನ್ನದಾಯಿತು. ಅವರು ಅದರಿಂದ ಇಳಿಯುವುದೊಂದೇ ಬಾಕಿ.