ಆರಿಸಿ ತೆಗೆದ ಹುಳುಗಳು

ಕೆಲಸಕ್ಕೆ ಹೊಸದಾಗಿ ಸೇರಿದ ವಿಜ್ಞಾನಿಗಳಿಗೆ ಸೀತಾರಾಮ ಸಾಹೇಬರು ವರ್ಷಕ್ಕೊಮ್ಮೆ ಪ್ರಾಮಾಣಿಕತೆಯ ಪಾಠ ಹೇಳುತ್ತಿದ್ದರು. ಕೋಲಾರದ ಹೊರವಲಯದ ಆ ರೇಷ್ಮೆ ಸಂಶೋಧನಾ ಕೇಂದ್ರಕ್ಕೆ ಅವರೇ ಮುಖ್ಯಸ್ಥರು. “ಬದುಕಿದ ಹುಳ ಯಾರು ಬೇಕಾದ್ರೂ ಎಣಿಸ್ತಾರೆ. ಸತ್ತದ್ದನ್ನ ಎಣಿಸೋನೇ ವಿಜ್ಞಾನಿ” ಎಂದು ಮೇಜು ಗುದ್ದುವಾಗ ಅವರ ಕಣ್ಣಲ್ಲಿ ನಿಜವಾಗಿಯೂ ನೀರಾಡುತ್ತಿತ್ತು. ನಾಟಕವಲ್ಲ, ಪಾಪ. ಹೇಳುವಷ್ಟು ಹೊತ್ತು ಅವರು ಅದನ್ನು ನಂಬುತ್ತಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ಮೊದಲ ಸಾಲಿನಲ್ಲಿ ಕೂತು ಆ ಮಾತು ಕೇಳಿದ ಆದಿಲಕ್ಷ್ಮಿಗೆ ಮೈ ಜುಮ್ಮೆಂದಿತ್ತು. ಮುಳಬಾಗಿಲಿನ ಶಾನುಭೋಗರ ಮನೆಯ ಹುಡುಗಿ. ಬಂದ ಗಂಡುಗಳನ್ನೆಲ್ಲ ಬೇಡವೆಂದು, ಅಪ್ಪನೊಡನೆ ಜಗಳವಾಡಿ ಈ ಕೆಲಸಕ್ಕೆ ಬಂದಿದ್ದಳು. ಕೆಲಸ ಕಾಯಂ ಆಗದಿದ್ದರೆ ನೆಟ್ಟಗೆ ಹಸೆಮಣೆಗೆ.

ಅವಳಿಗೆ ಬಿದ್ದ ಮೊದಲ ಕೆಲಸ, ಸಾಹೇಬರೇ ಕಂಡುಹಿಡಿದ ಪುಡಿಯೊಂದರ ಪರೀಕ್ಷೆ. ಸಪ್ಪೆ ರೋಗ ತಗುಲಿದರೆ ರೇಷ್ಮೆ ಹುಳು ಸೊರಗಿ, ಕಪ್ಪಾಗಿ, ಕೊಳೆತು ಸಾಯುತ್ತದೆ. ಆ ರೋಗಕ್ಕೆ ಈ ಪುಡಿ. ಆವನಿಯ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಬೆಳೆಯುತ್ತಿದ್ದ ಕದಿರಮ್ಮನ ಹುಳುಮನೆಯಲ್ಲಿ ಕೆಲವು ತಟ್ಟೆಗಳಿಗೆ ಪುಡಿ ಉದುರಿಸಬೇಕು, ಕೆಲವಕ್ಕೆ ಉದುರಿಸಬಾರದು. ಕೊನೆಗೆ ಎರಡನ್ನೂ ಹೋಲಿಸಿ ನೋಡಬೇಕು.

ದೃಷ್ಟಿಯಾಗುತ್ತದೆಂದು ಕದಿರಮ್ಮ ಹೊರಗಿನವರನ್ನು ಹುಳುಮನೆಯ ಹೊಸ್ತಿಲಿಗೂ ಸೇರಿಸುತ್ತಿರಲಿಲ್ಲ. ಆದಿಲಕ್ಷ್ಮಿಗೆ ಮಾತ್ರ ಕಾಲು ತೊಳೆಯಲು ನೀರು ಕೊಟ್ಟು, “ಬನ್ನಿ ಅಮ್ಮಣ್ಣಿ” ಎಂದು ಒಳಗೆ ಕರೆಯುತ್ತಿದ್ದಳು. ಪುಡಿ ಹಾಕಿದ ತಟ್ಟೆಗಳಲ್ಲಿ ಗೂಡು ಸೊಗಸಾಗಿ ಕಟ್ಟಿತು. ಹಾಕದ ತಟ್ಟೆಗಳಲ್ಲಿ ಅರ್ಧಕ್ಕರ್ಧ ಹುಳು ಸತ್ತಿತ್ತು. ಆದಿಲಕ್ಷ್ಮಿಗೆ ಹಿಗ್ಗೋ ಹಿಗ್ಗು.

ಗೂಡು ಬಿಡಿಸುತ್ತಾ ಕೂತಾಗ ಕದಿರಮ್ಮ ಗುಟ್ಟು ಹೇಳಿದಳು. “ನಿಮ್ ಪುಡಿಗೆ ಕೆಟ್ಟ ಹೆಸ್ರು ಬರ್ಬಾರ್ದು ಅಂತ, ನೀವು ಬರೋಕೆ ಮುಂಚೆ ಪುಡಿ ಹಾಕಿದ್ ತಟ್ಟೆಗಳಲ್ಲಿ ಸೊರಗಿದ್ದೆಲ್ಲ ಆರ್ಸಿ ಎಸೀತಿದ್ದೆ. ಆ ಜಾಗಕ್ಕೆ ಪುಡಿ ಹಾಕ್ದೇ ಇರೋ ತಟ್ಟೆಯಿಂದ ಗಟ್ಟಿ ಹುಳ ತಂದು ಬಿಡ್ತಿದ್ದೆ. ನೆಂಟ್ರು ಬಂದಾಗ ಹರ್ಕು ಚಾಪೆ ಹಾಸ್ತೀವಾ ಅಮ್ಮಣ್ಣಿ?”

ಪರೀಕ್ಷೆಯೇ ಕೆಟ್ಟಿತೆಂದು ಆದಿಲಕ್ಷ್ಮಿಗೆ ಗೊತ್ತಾಯಿತು. ಅಷ್ಟು ಪ್ರೀತಿಯಿಂದ ಹೇಳಿದವಳಿಗೆ ಏನನ್ನುವುದು? ಏನೂ ಅನ್ನದೆ ಎದ್ದು ಬಸ್ಸು ಹತ್ತಿದಳು.

ಸಾಹೇಬರು ಎಲ್ಲವನ್ನೂ ಕೇಳಿ, ಎದ್ದು ಬಾಗಿಲು ಹಾಕಿಕೊಂಡರು.

“ಈ ಬೆಳೆಗೇ ವರದಿ ಕಳಿಸ್ತೀವಿ ಅಂತ ಬೆಂಗಳೂರಿನ ಮೇಲಧಿಕಾರಿಗಳಿಗೆ ಆಗ್ಲೇ ಮಾತು ಕೊಟ್ಟಾಗಿದೆ. ಆಯಮ್ಮ ಏನೋ ಅಂದ್ಲು ಅಂತ ಇನ್ನೊಂದು ಬೆಳೆ ಕಾಯೋಣ್ವಾ?”

“ಸಾರ್, ಸತ್ತದ್ದನ್ನ ಎಣಿಸ್ಬೇಕು ಅಂತ ನೀವೇ...”

“ಅದು ಪಾಠ ಕಣಮ್ಮ.” ಅವರು ಕನ್ನಡಕ ಒರೆಸಿಕೊಂಡರು. “ನಿನ್ನ ಕಾಯಂ ಫೈಲು ಮುಂದಿನ ತಿಂಗಳು ನನ್ನ ಮೇಜಿಗೆ ಬರುತ್ತೆ. ಯೋಚ್ನೆ ಮಾಡು.”

ಅವಳು ಯೋಚನೆ ಮಾಡಿದಳು. ಅಪ್ಪನ ಮುಖ ನೆನಪಾಯಿತು. ಪುಡಿ ಗೆದ್ದಿತೆಂಬ ವರದಿಗೆ ಸಹಿ ಹಾಕಿದಳು. ಹೆದರಿದವರನ್ನು ಬೈಯಲು ನನಗೂ ಬಾಯಿ ಬರುವುದಿಲ್ಲ, ಆದರೆ ಹಾಕಬಾರದಿತ್ತು.

ಕೆಲಸ ಕಾಯಂ ಆಯಿತು. ಪುಡಿ ಊರೂರಿಗೆ ಹೋಯಿತು. ಅದಿದೆಯಲ್ಲ ಎಂಬ ಧೈರ್ಯದಲ್ಲಿ ಜನ ರೋಗ ಬಾರದಂತೆ ಹುಳುವಿಗೆ ಸುಣ್ಣ ಉದುರಿಸುವ ಹಳೆಯ ರೂಢಿಯನ್ನೂ ಬಿಟ್ಟರು. ಮರುವರ್ಷದ ಪಾಠಕ್ಕೆ ಸಾಹೇಬರು ಆದಿಲಕ್ಷ್ಮಿಯನ್ನೇ ನಿಲ್ಲಿಸಿ, ತಾವು ಹಿಂದಿನ ಬೆಂಚಿನಲ್ಲಿ ಕೂತರು. ಹೊಸ ಹುಡುಗರ ಮುಂದೆ ಅವಳು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಕದಿರಮ್ಮ ಕಾಣಿಸಿಕೊಂಡಳು. ಸೊಂಟದ ಮೇಲೆ ಬಟ್ಟೆ ಮುಚ್ಚಿದ ತಟ್ಟೆ. ಕೋಣೆಯೆಲ್ಲ ಗಬ್ಬೆಂದು ನಾರಿತು.

“ಬೆಳೆಯೆಲ್ಲ ಹೋಯ್ತು ಅಮ್ಮಣ್ಣಿ. ನಂದು ಹೋದ್ರೆ ಹೋಗ್ಲಿ, ಪುಡಿ ಹಾಕಿ ಅಂತ ಊರಿಗೆಲ್ಲ ನಾನೇ ಹೇಳಿದ್ದೆ. ಈಗ ನಮ್ ಬಾಗ್ಲಿಗೆ ಮಣ್ಣು ತೂರ್ತಾವ್ರೆ.” ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹುಳ ಆರಿಸ್ದೆ ಅಂತ ಅವತ್ತೇ ಹೇಳಿದ್ನಲ್ಲ? ನೀವೇನೂ ಅನ್ಲಿಲ್ಲ. ಓದ್ದೋರು ಸುಮ್ನಿದ್ರೆ, ಅದ್ರಿಂದೇನೂ ತೊಂದ್ರೆ ಇಲ್ಲ ಅಂತ ತಾನೆ?”

“ಎಲ್ರೂ ಹೋಗಿ ಟೀ ಕುಡ್ಕೊಂಡ್ ಬನ್ನಿ” ಎಂದರು ಸಾಹೇಬರು.

“ಕೂತ್ಕೊಳಿ” ಎಂದಳು ಆದಿಲಕ್ಷ್ಮಿ. “ನಿಮ್ ತಪ್ಪಲ್ಲ ಕದಿರಮ್ಮ. ಪರೀಕ್ಷೆ ಕೆಟ್ಟಿದೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕ್ದೆ.”

ಕದಿರಮ್ಮ ಅವಳ ಮುಖವನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಹುಡುಗರು ಕಾಯುತ್ತಿದ್ದರು. ಆದಿಲಕ್ಷ್ಮಿ ಬಟ್ಟೆ ಸರಿಸಿ ಸತ್ತ ಹುಳುಗಳನ್ನು ಎಣಿಸತೊಡಗಿದಳು. ಒಂದನ್ನು ಎತ್ತಿದರೆ ಇನ್ನೊಂದು ಅಂಟಿಕೊಂಡು ಬರುತ್ತಿತ್ತು. ಎಲ್ಲ ಕೊಳೆತು ಒಂದೇ ಮುದ್ದೆಯಾಗಿ ಹೋಗಿತ್ತು, ಎಣಿಸುವ ಕಾಲ ಮುಗಿದುಹೋಗಿತ್ತು.