ಗಿಣಿ ಕಡಿದ ದಾಳಿಂಬೆ

ಮಾತು ಬಾರದ ಮಗುವಿಗೆ ಗಿಣಿ ಕಡಿದ ಹಣ್ಣು ತಿನ್ನಿಸಬೇಕು. ಇದು ಗಾಳೆಮ್ಮನ ಶಾಸ್ತ್ರ. ಅದಕ್ಕೆ ಕಟ್ಟಳೆಯೂ ಉಂಟು. ನೆಲಕ್ಕೆ ಬಿದ್ದದ್ದು ನಡೆಯದು. ಹಣ್ಣು ಇನ್ನೂ ಗಿಡದಲ್ಲೇ ತೂಗುತ್ತಿರಬೇಕು, ಮಗು ಆ ಗಿಡದ ಕೆಳಗೇ ನಿಂತು ತಿನ್ನಬೇಕು.

ಗಾಳೆಮ್ಮನ ಸೊಸೆ ಲಲಿತಾ ಇಂಥದಕ್ಕೆಲ್ಲ ಮೂಗು ಮುರಿಯುವವಳು. ಆದರೆ ಮಗ ಬಸುವಿಗೆ ಮೂರು ತುಂಬಿ ನಾಲ್ಕಕ್ಕೆ ಬಿದ್ದರೂ "ಅವ್ವ" ಅನ್ನಲಿಲ್ಲವೆಂದರೆ ಎಷ್ಟು ದಿನ ಮೂಗು ಮುರಿದಾಳು? ಗಂಡುಹುಡುಗರಿಗೆ ಮಾತು ತಡ ಎಂದರು, ನಾಲಿಗೆ ದಪ್ಪ ಎಂದರು, ಬಜೆ ತೇದು ನೆಕ್ಕಿಸಿದರು. "ಮೂಗ" ಎಂಬ ಮಾತನ್ನು ಮಾತ್ರ ಯಾರೂ ಎದುರಿಗೆ ಆಡಿರಲಿಲ್ಲ. ಅದು ಯಾವ ಹೊತ್ತಿಗೆ ಯಾರ ಬಾಯಿಂದ ಉದುರೀತೋ ಎಂದು ಆ ತಾಯಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ಎರಡು ಸಾವಿರದ ಮೂರರ ಚಳಿಗಾಲ. ಒಂದು ಭಾನುವಾರ ಅತ್ತೆ, ಸೊಸೆ, ಆರು ವರ್ಷದ ಮಗಳು ಅಮೃತಾ, ಬಸು ನಾಲ್ವರೂ ಬುತ್ತಿ ಕಟ್ಟಿಕೊಂಡು ಕುಷ್ಟಗಿಯ ಹೊರಗಿದ್ದ ಕಾಸೀಮಸಾಬನ ದಾಳಿಂಬೆ ತೋಟಕ್ಕೆ ಹೊರಟರು. ಎರಡು ಮೈಲಿಯೂ ಇಲ್ಲ. ಮಕ್ಕಳಿಗೆ ಅದೇ ದೊಡ್ಡ ಜಾತ್ರೆ. ಬಾರಿಹಣ್ಣು ಕಂಡಲ್ಲಿ ನಿಲ್ಲುವುದೇನು, ಮುಳ್ಳು ಚುಚ್ಚಿಸಿಕೊಂಡು ಕುಣಿಯುವುದೇನು, ಒಣಗಿದ ಹಳ್ಳದ ಮರಳಲ್ಲಿ ಉರುಳಾಡುವುದೇನು! ಬಿಳಿಜೋಳ ಹಾಲುಗಾಳಾಗಿ ನಿಂತಿತ್ತು, ಬಿಸಿಲು ಹಿತವಾಗಿತ್ತು. ಲಲಿತಾಳಿಗೆ ಅದ್ಯಾವುದೂ ಬೇಕಿರಲಿಲ್ಲ. "ನಡೀರಿ, ನಡೀರಿ, ಗಿಣಿ ಹಾರಿ ಹೋಗ್ತಾವು" ಎಂದು ಎಲ್ಲರನ್ನೂ ಹೊಡೆದುಕೊಂಡೇ ಹೋದಳು.

ಬಂದ ಕೆಲಸ ಕೇಳಿ ಕಾಸೀಮಸಾಬ ಉರಿದುಬಿದ್ದ. ಬೆಳಗಾದರೆ ತಗಡಿನ ಡಬ್ಬಿ ಬಾರಿಸಿ ಗಿಣಿ ಓಡಿಸುವುದೇ ಅವನ ಬಾಳು.

"ಏನಂತಿ ಗಾಳೆಮ್ಮಕ್ಕಾ? ಗಿಣಿ ಕಡದ ಹಣ್ಣು ನನ್ನ ತ್ವಾಟದಾಗ? ಅಂಥಾದ್ದು ಸಿಕ್ರ ನಾ ಯಾತರ ತ್ವಾಟದಾಂವ!"

"ಕೂಸಿನ ಸಲುವಾಗಿ, ಕಾಕಾ," ಎಂದಳು ಲಲಿತಾ. ಬಸುವನ್ನು ಮುಂದಕ್ಕೆ ತಂದು ನಿಲ್ಲಿಸಿದಳು.

ಮುದುಕ ಬಸುವನ್ನು ನೋಡಿದ. ಹುಡುಗ ಅವನ ಗಡ್ಡ ನೋಡಿ ಬಾಯ್ತುಂಬ ನಕ್ಕ. "ಹೋಗ್ಲಿ ತಗೋರಿ. ಒಂದ ತಾಸು ಡಬ್ಬಿ ಮುಟ್ಟಂಗಿಲ್ಲ. ಆ ಮ್ಯಾಲ ನಾ ಯಾರ ಮಾತೂ ಕೇಳಾಂವಲ್ಲ," ಎಂದ.

ಗಾಳೆಮ್ಮ ಸಾಲುಗಳೊಳಗೆ ನುಗ್ಗಿದಳು. ಅಮೃತಾ ಬಾವಿಯ ಕಡೆ ಓಡಿದಳು. ಬಸು ನೆರಳಲ್ಲಿ ಕುಕ್ಕುರುಗಾಲಲ್ಲಿ ಕೂತು ಇರುವೆ ಸಾಲಿಗೆ ಮಣ್ಣಿನ ಒಡ್ಡು ಹಾಕತೊಡಗಿದ. ಲಲಿತಾ ಮಾತ್ರ ಏಳುತ್ತಾಳೆ, ಆಕಾಶ ನೋಡುತ್ತಾಳೆ, ಕೂರುತ್ತಾಳೆ, ಮತ್ತೆ ಏಳುತ್ತಾಳೆ. ಕೊನೆಗೂ ಗಿಣಿಗಳು ಬಂದವು. ಒಂದಲ್ಲ ಎರಡಲ್ಲ, ಹಿಂಡು ಹಿಂಡೇ ಬಂದು ಗಿಡ ಗಿಡಕ್ಕೂ ಎರಗಿದವು. ಕಾಸೀಮಸಾಬ ಹಲ್ಲು ಕಚ್ಚಿ ಕೂತಿದ್ದ. ತಾಸು ಆಗಿತ್ತೋ ಇಲ್ಲವೋ, ಬೆಳೆದವನ ಹೊಟ್ಟೆಯುರಿ ತಡೆಯಬೇಕಲ್ಲ! ಎದ್ದವನೇ ಬಸುವಿನ ಬೆನ್ನ ಹಿಂದೆ ನಾಲ್ಕು ಮಾರು ದೂರದಲ್ಲಿ ನಿಂತು ಡಬ್ಬಿಗೆ ಕಬ್ಬಿಣದ ಸಲಾಕೆಯಿಂದ ಬಾರಿಸಿಯೇಬಿಟ್ಟ.

ಲಲಿತಾ ಬೆಚ್ಚಿ ಹಾರಿಬಿದ್ದಳು. ಬಾವಿಯ ಹತ್ತಿರ ಅಮೃತಾ ಎರಡೂ ಕಿವಿ ಮುಚ್ಚಿಕೊಂಡಳು. ಗಿಣಿಗಳು ಕಿರುಚುತ್ತ ಎದ್ದವು.

ಬಸು ಮಣ್ಣು ಒಟ್ಟುತ್ತಿದ್ದ.

ಅವನ ಹೆಗಲು ಕೂಡ ಅಲುಗಲಿಲ್ಲ. ಹಾರುವ ಹಿಂಡಿನ ನೆರಳು ಅವನ ಒಡ್ಡಿನ ಮೇಲೆ ಹಾದಾಗಷ್ಟೇ ತಲೆ ಎತ್ತಿದ, ಹಸಿರು ಹಕ್ಕಿಗಳನ್ನು ಕಂಡು ಚಪ್ಪಾಳೆ ತಟ್ಟಿದ.

"ಬಸೂ," ಎಂದಳು ಲಲಿತಾ, ಅವನ ಬೆನ್ನ ಹಿಂದೆ ನಿಂತು. "ಏ ಬಸೂ! ಬಸಣ್ಣಾ!" ಕೂಗಿ ಕೂಗಿ ಗಂಟಲು ಬಿರಿಯಿತು. ಅಯ್ಯೋ ಶಿವನೇ! ಮನೆ ಮುಂದಿನ ರಸ್ತೆಯಲ್ಲಿ ಲಾರಿಗಳು ಹಾರನ್ ಹೊಡೆದರೂ ಏಳದೆ ಮಲಗುತ್ತಾನೆ, ಬಂಗಾರದಂಥ ಕೂಸು ಎಂದು ತಾನೇ ಓಣಿ ತುಂಬ ಹೇಳಿಕೊಂಡು ಬಂದಿದ್ದಳಲ್ಲ! ಇಷ್ಟು ದಿನ ಎಲ್ಲರೂ ಅವನ ನಾಲಿಗೆಯನ್ನೇ ನೋಡಿದ್ದರು.

ಅಮೃತಾ ಓಡಿ ಬಂದಳು. "ಹಂಗ್ಯಾಕ ಒದರ್ತಿಯವ್ವಾ? ಹಿಂದಿಂದ ಕರದ್ರ ಅವ ಹೊಳ್ಳಿ ನೋಡಂಗಿಲ್ಲ. ಮುಟ್ಟಬೇಕು," ಎಂದು ತಮ್ಮನ ಹೆಗಲು ತಟ್ಟಿದಳು. ಬಸು ತಟ್ಟನೆ ತಿರುಗಿ ನಕ್ಕ.

"ನಿನಗ ಗೊತ್ತಿತ್ತೇನ?"

"ಹೂಂ."

"ಮತ್ತ ಯಾಕ ಹೇಳಲಿಲ್ಲ? ಯಾಕ ಹೇಳಲಿಲ್ಲಬೇ?" ಲಲಿತಾ ಮಗಳ ರಟ್ಟೆ ಹಿಡಿದು ಅಲ್ಲಾಡಿಸಿದಳು.

ಹುಡುಗಿಯ ಕಣ್ಣಲ್ಲಿ ನೀರು ಬಂತು. "ನಿನಗ ಗೊತ್ತೈತಿ ಅಂತ ತಿಳ್ಕೊಂಡಿದ್ದೆ. ನೀ ಅವ್ವ ಅಲ್ಲೇನು?"

ಲಲಿತಾಳ ಕೈ ಸಡಿಲಿತು. ಅಷ್ಟರಲ್ಲಿ ಗಾಳೆಮ್ಮ ಏದುಸಿರು ಬಿಡುತ್ತ ಬಂದಳು. "ಸಿಕ್ತವ್ವಾ, ಸಿಕ್ತು! ಆ ಕಡೀ ಸಾಲಿನಾಗ ಐತಿ. ಹುಡುಗನ್ನ ಎತ್ಕೊಂಡು ಬಾ ಲಗೂ!"

"ಅತ್ತೀ, ನಾವು ಕೊಪ್ಪಳಕ್ಕ ಹೋಗೂಣ್ರಿ. ಕಿವಿ ನೋಡೋ ಡಾಕ್ಟರ್ ಕಡೆ. ಈಗ, ಇಲ್ಲಿಂದನ," ಎಂದಳು ಲಲಿತಾ.

"ಇವತ್ತ ಐತವಾರ. ಯಾವ ಡಾಕ್ಟರ್ ಇರ್ತಾನ? ಮೊದ್ಲ ಹಣ್ಣು ತಿನ್ನಸು."

ಐತವಾರವೆಂಬುದು ಲಲಿತಾಳಿಗೆ ತಿಳಿಯದೇನಲ್ಲ. ಆದರೂ ಅವಳ ಕಾಲುಗಳು ಆಗಲೇ ದಾರಿ ಹಿಡಿದಿದ್ದವು. ಹತ್ತು ಹೆಜ್ಜೆ ಹೋದವಳು ಹಿಂತಿರುಗಿ "ಬಸೂ, ಬಾ" ಎಂದು ಕರೆಯಲು ಬಾಯಿ ತೆರೆದಳು. ಹುಡುಗ ಅವಳಿಗೆ ಬೆನ್ನು ಹಾಕಿ ಮಣ್ಣಲ್ಲಿ ಕೂತಿದ್ದ. ಅವಳು ಬಾಯಿ ಮುಚ್ಚಿಕೊಂಡು, ಆ ಹತ್ತು ಹೆಜ್ಜೆಯನ್ನೂ ವಾಪಸು ನಡೆದುಹೋಗಿ ಅವನ ಹೆಗಲು ಮುಟ್ಟಿದಳು.